ಕುದುರೆಯ ನೆಗೆತ, ರಾವುತನ ಸಂಯಮ



‘ಕುದುರೆ ಕಂಡರೆ ಕಾಲುನೋವು’ ಎಂಬ ಗಾದೆಯನ್ನು ಬಲ್ಲ ನಾಡು ನಮ್ಮದು. ಕುದುರೆಯ ವಿದ್ಯೆಯೂ ನಮಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ, ಅರಸರ ವಿನೋದಗಳ ಸಾಲಿನಲ್ಲಿ ವಾಜಿವಾಹ್ಯಾಳಿಗೂ ಸ್ಥಾನವುಂಟು. ಆದರೆ ಕುದುರೆಯೊಡನೆ ಬೇಲಿ ದಾಟುವ ವಿಚಾರ ನನ್ನ ಮನಸ್ಸನ್ನು ಹೊಕ್ಕದ್ದು ಗ್ರಂಥಗಳ ದಾರಿಯಿಂದಲ್ಲ.

ಬೆಂಗಳೂರಿನಲ್ಲಿ ಸವಾರಿ ಕಲಿಯುತ್ತಿರುವ ನಮ್ಮ ಅಣ್ಣನ ಮೊಮ್ಮಗಳು ರಜೆಗೆಂದು ಹಿಂಡಲಗಾದ ನಮ್ಮ ಮನೆಗೆ ಬಂದಾಗ, ಅವಳ ಎಡಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ತೂಗುತ್ತಿತ್ತು. “ಬೇಲಿ ಹತ್ರ ಬಂದು ಕುದುರಿ ನಿಂತಬಿಡ್ತು ಅಜ್ಜಾ, ನಾ ಒಬ್ಬಾಕಿನ ಆಚೆ ಹೋಗಿ ಬಿದ್ದೆ” ಎಂದಳು. “ತಪ್ಪು ಕುದುರಿದ ಏನವಾ?” ಎಂದೆ. ತುಸು ಹೊತ್ತು ಸುಮ್ಮನಿದ್ದು, “ಅದರ ಹಿಂದಿನ ಮೂರು ನೆಗೆತದಾಗೂ ನಾ ಲಗಾಮು ಜಗ್ಗಿದ್ದೆ” ಎಂದಳು. ಈ ವಿದ್ಯೆಯ ಸಾರವೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆ.

ಕುದುರೆಯ ಕಣ್ಣುಗಳಿರುವುದು ತಲೆಯ ಎರಡು ಪಕ್ಕಗಳಲ್ಲಿ. ಸುತ್ತಲಿನ ಬಹುಭಾಗವನ್ನು ಅದು ಕಾಣಬಲ್ಲದು. ಹಣೆಯ ನೇರ ಮುಂದೆ, ತೀರ ಹತ್ತಿರವಿರುವುದನ್ನು ಮಾತ್ರ ಕಾಣಲಾರದು. ಆದ್ದರಿಂದ ನೆಗೆಯುವ ಗಳಿಗೆಯಲ್ಲಿ ಬೇಲಿ ಅದರ ದೃಷ್ಟಿಯಿಂದ ಜಾರಿಹೋಗಿರುತ್ತದೆ. ಮೊದಲು ಕಂಡದ್ದನ್ನು ನಂಬಿ, ಬೆನ್ನ ಮೇಲಿರುವವರನ್ನು ನಂಬಿ ಅದು ಹಾರುತ್ತದೆ. ಹಾರಿದ ಮೇಲೆ ಸಮತೋಲಕ್ಕಾಗಿ ಕೊರಳನ್ನು ಮುಂದಕ್ಕೆ ಚಾಚುತ್ತದೆ. ಆಗ ವಾಘೆ ಬಿಗಿದರೆ ಕಡಿವಾಣ ಬಾಯಿಗೆ ಬಡಿಯುತ್ತದೆ. ಮೂರು ಸಲ ನೊಂದ ಪ್ರಾಣಿ ನಾಲ್ಕನೆಯ ಸಲ ನಿಂತರೆ ಅದು ಹಟವಲ್ಲ, ನೆನಪು.

ಹಿಂದೆ ಯುರೋಪಿನ ಸವಾರರು ಬೇಲಿ ಬಂದಾಗ ಹಿಂದಕ್ಕೆ ವಾಲಿ ಲಗಾಮು ಹಿಡಿಯುತ್ತಿದ್ದರು. ಇಟಲಿಯ ಅಶ್ವದಳದ ಅಧಿಕಾರಿ ಫೆಡೆರಿಕೊ ಕಾಪ್ರಿಲ್ಲಿ (1868–1907) ಸವಾರನಿಲ್ಲದ ಕುದುರೆ ಹೇಗೆ ಹಾರುತ್ತದೆಂಬುದನ್ನು ಗಮನಿಸಿ, ಸವಾರನೇ ಕುದುರೆಯನ್ನು ಅನುಸರಿಸಬೇಕೆಂದು ಕಲಿಸಿದ. ರಿಕಾಪನ್ನು ಗಿಡ್ಡ ಮಾಡಿ, ಜೀನಿನಿಂದ ತುಸು ಎದ್ದು, ಸೊಂಟದಿಂದ ಮುಂದಕ್ಕೆ ಬಾಗಿ, ಹಿಮ್ಮಡಿ ಇಳಿಸಿ, ಕೈಗಳನ್ನು ಕುದುರೆಯ ಬಾಯಿಯ ಹಿಂದೆಯೇ ಹೋಗಗೊಡುವುದು ಆತನ ಕ್ರಮ. ಇಂದು ಜಗತ್ತೆಲ್ಲ ಹಾರುವುದು ಬಹುಮಟ್ಟಿಗೆ ಹೀಗೆಯೇ.

ಇದನ್ನು ಸಾಧಿಸಲು ಎತ್ತರದ ಬೇಲಿ ಬೇಕಿಲ್ಲ; ನೆಲದ ಮೇಲಿಟ್ಟ ಗಳುಗಳೇ ಸಾಕು. ಅವುಗಳನ್ನು ದಾಟುತ್ತ ಕುದುರೆ ಹೆಜ್ಜೆಯನ್ನು ಅಳೆಯಲು ಕಲಿಯುತ್ತದೆ, ಸವಾರ ಲಯವನ್ನು ಕಾಯಲು ಕಲಿಯುತ್ತಾನೆ. ಆಮೇಲೆ ಅಂತರದ ಲೆಕ್ಕ. ಕುದುರೆಯ ಒಂದು ದಾಪು ಸುಮಾರು 12 ಅಡಿ. ಮೊದಲ ಬೇಲಿಯಿಂದ ಇಳಿಯಲು 6, ಮುಂದಿನದಕ್ಕೆ ಏಳಲು 6. ಹೀಗಾಗಿ 24 ಅಡಿ ದೂರದ ಎರಡು ಬೇಲಿಗಳ ನಡುವೆ ಒಂದೇ ದಾಪು ಹಿಡಿಸುತ್ತದೆ. ನೋಟ ಬೇಲಿಯ ಬುಡದಲ್ಲಿರದೆ ಅದರಾಚೆಗಿರಬೇಕು. ನೆಗೆತಕ್ಕೆ ಮುನ್ನವೇ ಮುಂದಕ್ಕೆ ಬೀಳುವ ಆತುರ ಕೂಡದು. ಆ ಭಾರ ಕುದುರೆಯ ಮುಂಗಾಲುಗಳ ಮೇಲೆಯೇ ಬೀಳುತ್ತದೆ. ಕೈ ನಂಬಿಕೆಗೆ ಬಾರದ ಹೊಸಬರು ಕೇಸರವನ್ನು ಹಿಡಿಯಲಿ. ಅದರಲ್ಲಿ ನಾಚಿಕೆಯೇನೂ ಇಲ್ಲ.

ಬೆಂಗಳೂರಿನಲ್ಲಿ ಹುಟ್ಟಿದ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿಯ ಪದಕ ಗೆದ್ದರು. 1982ರ ನಂತರ ಕುದುರೆಸವಾರಿಯಲ್ಲಿ ಭಾರತೀಯರೊಬ್ಬರಿಗೆ ದೊರೆತ ಮೊದಲ ವೈಯಕ್ತಿಕ ಪದಕವದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಂತಿಮ ನೆಗೆತದ ಸುತ್ತನ್ನು ತಲಪಿ 23ನೆಯವರಾದರು. ಅಂಥ ಎತ್ತರಗಳ ತಳಹದಿಯಲ್ಲಿಯೂ ನೆಲದ ಗಳುಗಳ ಸಾಧನೆಯೇ ಇರುತ್ತದೆ.

ಕೈ ಕೂಡಿದ ಮೇಲೆ ನಮ್ಮ ಹುಡುಗಿ ಅದೇ ಕುದುರೆಯ ಬಳಿಗೆ ಮರಳಿದಳು. ತಿಂಗಳೊಪ್ಪತ್ತು ಬೇಲಿಯ ಮಾತೆತ್ತದೆ, ಕೇಸರ ಹಿಡಿದು ಗಳುಗಳನ್ನಷ್ಟೇ ದಾಟಿಸಿದಳಂತೆ. ಮೊನ್ನೆ ಪತ್ರ ಬಂದಿತ್ತು. ಅದರಲ್ಲಿ ಎತ್ತರದ ಲೆಕ್ಕವಿರಲಿಲ್ಲ. “ಅಜ್ಜಾ, ಈಗ ಅದು ನಿಲ್ಲೂದಿಲ್ಲ” ಎಂದಿಷ್ಟೇ ಬರೆದಿದ್ದಳು. ಕಳೆದುಕೊಂಡ ನಂಬಿಕೆಯನ್ನು ಮೂಕಪ್ರಾಣಿಯಿಂದ ಮರಳಿ ಪಡೆಯುವುದು ಬೇಲಿಯನ್ನು ಹಾರುವುದಕ್ಕಿಂತ ಕಠಿನವಾದುದೆಂದು ನನಗನಿಸಿತು.