ನಾವು ಮಾಡಿದ್ದೇ ನಮಗೆ ತಿರುಗಿ ಬಿದ್ದರೆ?

ಜುಮಾ ನಮಾಝ್ ಮುಗಿಸಿ ಹೊರಬರುವಾಗ ಕಾಲೇಜು ಓದುವ ಹುಡುಗರು ಈಚೆಗೆ ಇಮಾಮರನ್ನು ನಿಲ್ಲಿಸಿ ಕೇಳುವ ಪ್ರಶ್ನೆಯೊಂದಿದೆ: "ಹಜ್ರತ್, ಈ ಎಐ ಮುಂದೆ ಮನುಷ್ಯರನ್ನೇ ಆಳುತ್ತದಂತೆ, ನಿಜವೇ? ಇದೇ ದಜ್ಜಾಲನ ಗುರುತೇ?" ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಭಯಪಟ್ಟು ಕೂರುವಂತೆಯೂ ಇಲ್ಲ.

ಈ ಭಯ ಹೊಸದಲ್ಲ. ವರ ಕೊಟ್ಟವನ ತಲೆಯ ಮೇಲೇ ಕೈಯಿಡಲು ಹೊರಟ ಭಸ್ಮಾಸುರನ ಕಥೆ ನಮ್ಮ ನಾಡಿನಲ್ಲಿ ಎಲ್ಲರಿಗೂ ಗೊತ್ತು. ಇಂಗ್ಲೆಂಡಿನ ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ 'ಫ್ರಾಂಕೆನ್‌ಸ್ಟೈನ್' ಕಾದಂಬರಿಯಲ್ಲಿ ವಿಜ್ಞಾನಿಯೊಬ್ಬ ಜೀವ ಕೊಟ್ಟ ಆಕೃತಿಯೇ ಅವನ ಬಾಳನ್ನು ಹಾಳುಮಾಡುತ್ತದೆ. 'ರೋಬೋಟ್' ಎಂಬ ಪದ ಹುಟ್ಟಿದ್ದೂ ಇಂಥ ಕಥೆಯಿಂದಲೇ. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಲ್ಲಿ ಮನುಷ್ಯರು ದುಡಿಮೆಗಾಗಿ ತಯಾರಿಸಿದ ರೋಬೋಟ್‌ಗಳು ಒಡೆಯರ ವಿರುದ್ಧವೇ ದಂಗೆ ಏಳುತ್ತವೆ. ಇಂದು ಈ ಮಾತನ್ನು ಕಥೆಗಾರರಷ್ಟೇ ಆಡುತ್ತಿಲ್ಲ. ಎಐ ವಿದ್ಯೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ 2023ರಲ್ಲಿ ಗೂಗಲ್ ಕಂಪನಿಯನ್ನು ಬಿಟ್ಟು, ಅದರ ಅಪಾಯಗಳ ಬಗ್ಗೆ ಬಹಿರಂಗವಾಗಿ ಎಚ್ಚರಿಸತೊಡಗಿದರು. ಮರುವರ್ಷ ಅವರಿಗೆ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಹಾಗಾದರೆ ಸತ್ಯವಿಶ್ವಾಸಿಯಾದವನು ಇದನ್ನು ಹೇಗೆ ನೋಡಬೇಕು?

ಪವಿತ್ರ ಕುರ್‌ಆನಿನ ಸೂರಃ ತಾಹಾದಲ್ಲಿ ಸಾಮಿರಿಯ ಪ್ರಸಂಗವಿದೆ. ಪ್ರವಾದಿ ಮೂಸಾ(ಅ) ಬೆಟ್ಟಕ್ಕೆ ಹೋಗಿದ್ದಾಗ ಸಾಮಿರಿ ಜನರ ಆಭರಣಗಳನ್ನು ಕರಗಿಸಿ ಕರುವೊಂದನ್ನು ಮಾಡಿದ. ಅದರಿಂದ ದನಿಯೂ ಹೊರಡುತ್ತಿತ್ತು. ದನಿ ಕೇಳಿದ್ದೇ ಜನ ಮರುಳಾದರು. ಅದು ಅವರ ಮಾತಿಗೆ ಉತ್ತರ ಕೊಡುತ್ತಿರಲಿಲ್ಲ. ಲಾಭವನ್ನಾಗಲಿ ನಷ್ಟವನ್ನಾಗಲಿ ಮಾಡುವ ಶಕ್ತಿಯೂ ಅದಕ್ಕಿರಲಿಲ್ಲ. ಮೂಸಾ(ಅ) ಮರಳಿ ಬಂದು ಯಾರನ್ನು ಪ್ರಶ್ನಿಸಿದರು? ತಮ್ಮ ಜನರನ್ನು ಪ್ರಶ್ನಿಸಿದರು, ಸಹೋದರ ಹಾರೂನ್(ಅ)ರನ್ನು ಪ್ರಶ್ನಿಸಿದರು, ಕೊನೆಗೆ ಸಾಮಿರಿಯನ್ನು ಪ್ರಶ್ನಿಸಿದರು. ಕರುವನ್ನು ಅವರು ಏನೂ ಕೇಳಲಿಲ್ಲ. ವಸ್ತುವಿಗೆ ವಿಚಾರಣೆಯಿಲ್ಲ. ಅದನ್ನು ಮಾಡಿದವರಿಗೆ, ನಂಬಿದವರಿಗೆ, ನೋಡಿಕೊಳ್ಳಬೇಕಾಗಿದ್ದವರಿಗೆ ವಿಚಾರಣೆಯಿದೆ. ಇಂದಿನ ಯಂತ್ರ ನಮ್ಮ ಮಾತಿಗೆ ಉತ್ತರವನ್ನೂ ಕೊಡುತ್ತದೆ. ಅಷ್ಟಕ್ಕೇ ಹೊಣೆ ನಮ್ಮ ಹೆಗಲಿನಿಂದ ಇಳಿಯುವುದಿಲ್ಲ.

ಇದನ್ನು ಅರಿಯಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿಯನ್ನು ಸಿರುಗುಪ್ಪ, ಕುರುಗೋಡು ಭಾಗದ ಯಾವ ರೈತನೂ ಮರೆತಿರಲಾರ. ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ, ಗೇಟ್ ನೀರಿನಲ್ಲಿ ಕೊಚ್ಚಿಹೋಯಿತು. ಆ ಒಂದು ಕಂಡಿಯಿಂದಲೇ ಸುಮಾರು 35,000 ಕ್ಯೂಸೆಕ್ ನೀರು ಹೊರನುಗ್ಗಿತು. ಅಣೆಕಟ್ಟೆಯ ಮೇಲಿನ ಒತ್ತಡ ತಗ್ಗಿಸಲು ಬೇರೆ ಗೇಟುಗಳನ್ನೂ ಎತ್ತಬೇಕಾಯಿತು. 1953ರಲ್ಲಿ ಪೂರ್ಣಗೊಂಡು, 33 ಗೇಟುಗಳಿಂದ ಎಪ್ಪತ್ತು ವರ್ಷ ನಮ್ಮ ಗದ್ದೆಗಳಿಗೆ ಅನ್ನವಾಗಿದ್ದ ಅಣೆಕಟ್ಟೆಯೇ ಅಂದು ಭಯದ ಮೂಲವಾಯಿತು. ನದಿದಂಡೆಯವರಿಗೆ ನೀರು ನುಗ್ಗುವ ಭಯ. ನಾಟಿ ಮಾಡಿದ ರೈತರಿಗೆ ನೀರೆಲ್ಲ ಹರಿದುಹೋಗಿ ಬೆಳೆ ಒಣಗುವ ಭಯ.

ಆ ಚೈನಿಗೆ ನಮ್ಮ ಮೇಲೆ ಹಗೆಯಿತ್ತೇ? ಇರಲಿಲ್ಲ. ಕಬ್ಬಿಣ ಸವೆಯುತ್ತದೆ. ಅದು ಅಲ್ಲಾಹನು ವಸ್ತುಗಳಿಗೆ ಇಟ್ಟಿರುವ ನಿಯಮ. ಸವೆಯುವುದನ್ನು ಕಾಲಕಾಲಕ್ಕೆ ನೋಡಿ ಬದಲಿಸುವುದು ಮನುಷ್ಯನ ಅಮಾನತ್. ಮುಂದೆ ಏನಾಯಿತೆಂಬುದೂ ನೆನಪಿರಲಿ. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕೆಲಸಗಾರರು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್‌ಗಳನ್ನು ಇಳಿಸಿ, ಒಂದು ವಾರದೊಳಗೆ ಆ ಕಂಡಿಯನ್ನು ಮುಚ್ಚಿದರು. ಬಳಿಕ ಮಳೆ ಬಂದು ಜಲಾಶಯ ಮತ್ತೆ ತುಂಬಿತು. ಅಲ್ಹಮ್ದುಲಿಲ್ಲಾಹ್.

ನೀರಿನ ಇನ್ನೊಂದು ಪಾಠವೂ ನಮ್ಮ ಕಣ್ಣೆದುರಿಗಿದೆ. ಕಾಲುವೆ ಬಂದಾಗ ಸಿಕ್ಕಷ್ಟೂ ನೀರು ನಿಲ್ಲಿಸಿ ಭತ್ತ ಬೆಳೆದೆವು. ಬಸಿದು ಹೋಗಲು ದಾರಿ ಮಾಡದ ಕಡೆ ಅದೇ ನೀರು ಹೊಲವನ್ನು ಸವಳು-ಜವಳು ಮಾಡಿತು. ಇದು ಕಾಲುವೆಯ ತಪ್ಪೇ? ಮನುಷ್ಯರ ಕೈಗಳ ಕೆಲಸದಿಂದಲೇ ನೆಲ-ಜಲದಲ್ಲಿ ಕೆಡುಕು ಕಾಣಿಸಿಕೊಳ್ಳುತ್ತದೆಂದು ಸೂರಃ ರೂಮ್ ಎಚ್ಚರಿಸಿರುವುದು ಇದನ್ನೇ.

ಈಗ ಎಐಗೆ ಬರೋಣ. ಅದರಲ್ಲಿ ರೂಹ್ ಇಲ್ಲ, ನಿಯ್ಯತ್ ಇಲ್ಲ. ಮನುಷ್ಯರು ಬರೆದ ಕೋಟ್ಯಂತರ ಪುಟಗಳನ್ನು ಅದಕ್ಕೆ ಉಣಿಸಿ, ಒಂದು ಪದದ ನಂತರ ಯಾವ ಪದ ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಲು ಕಲಿಸಿರುತ್ತಾರೆ. ನಾವು ಕೊಟ್ಟಿದ್ದನ್ನೇ ಅದು ಕಲಿಯುತ್ತದೆ. 2016ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ಕಂಪನಿ 'ಟೇ' ಎಂಬ ಮಾತಾಡುವ ಯಂತ್ರವನ್ನು ಟ್ವಿಟರ್‌ನಲ್ಲಿ ಬಿಟ್ಟಿತು. ಜನರು ಅದಕ್ಕೆ ಬೈಗುಳ, ದ್ವೇಷದ ಮಾತುಗಳನ್ನು ಕಲಿಸಿದರು. ಅದು ಅದನ್ನೇ ಆಡತೊಡಗಿತು. ಒಂದೇ ದಿನದೊಳಗೆ ಕಂಪನಿ ಅದನ್ನು ನಿಲ್ಲಿಸಬೇಕಾಯಿತು. ಯಂತ್ರ ಕೆಟ್ಟದ್ದು ನಮ್ಮ ನಾಲಿಗೆಯಿಂದ.

ಯಂತ್ರಕ್ಕೆ ಹಗೆ ಇಲ್ಲವೆಂದ ಮಾತ್ರಕ್ಕೆ ಅಪಾಯವಿಲ್ಲವೆಂದು ಅರ್ಥವಲ್ಲ. ಚೈನಿಗೂ ಹಗೆ ಇರಲಿಲ್ಲ. 2023ರ ನವೆಂಬರ್‌ನಲ್ಲಿ ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೋಗೆ ಅಂಟಿಸಿ ಹರಿಬಿಡಲಾಯಿತು. ಪ್ರಸಿದ್ಧರಿಗೆ ಆದದ್ದು ನಮ್ಮ ಮನೆಯ ಹೆಣ್ಣುಮಕ್ಕಳಿಗೂ ಆಗಬಹುದು. ಸುದ್ದಿ ಬಂದಾಗ ಮೊದಲು ವಿಚಾರಿಸಿ ನೋಡಬೇಕೆಂಬ ಸೂರಃ ಹುಜುರಾತ್‌ನ ಆದೇಶ ಇಂದು ಪ್ರತಿಯೊಂದು ಮೊಬೈಲಿಗೂ ಅನ್ವಯಿಸುತ್ತದೆ. ಅಂಥ ವಿಡಿಯೋ ಕೈಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವನೂ ಪಾಲುದಾರನೇ.

ದನಿಯನ್ನೂ ನಕಲು ಮಾಡಬಹುದು. "ಅಮ್ಮೀ, ಆಕ್ಸಿಡೆಂಟ್ ಆಗಿದೆ, ಬೇಗ ದುಡ್ಡು ಕಳಿಸು" ಎಂದು ಮಗನದೇ ದನಿಯಲ್ಲಿ ಕರೆ ಬಂದರೂ ತಕ್ಷಣ ಹಣ ಹಾಕಬೇಡಿ. ಫೋನ್ ಇಟ್ಟು, ಅವನ ನಂಬರಿಗೆ ನೀವೇ ಕರೆ ಮಾಡಿ. ಮನೆಯವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಮಾತನ್ನು ಇಂದೇ ಗೊತ್ತುಮಾಡಿಕೊಳ್ಳಿ. ಹಣ ಹೋಗಿದ್ದರೆ ತಡಮಾಡದೆ 1930 ಸಹಾಯವಾಣಿಗೆ ತಿಳಿಸಿ.

ದೀನಿನ ವಿಷಯದಲ್ಲಂತೂ ಹೆಚ್ಚು ಎಚ್ಚರ ಬೇಕು. ತಲಾಕ್, ವಾರಸು, ಝಕಾತ್‌ನಂಥ ಪ್ರಶ್ನೆಗಳನ್ನು ಮಕ್ಕಳು ಮೊಬೈಲಿಗೆ ಕೇಳುತ್ತಿದ್ದಾರೆ. ಪದಗಳನ್ನು ಪೋಣಿಸುವ ಯಂತ್ರ ಕೆಲವೊಮ್ಮೆ ಇಲ್ಲದ ಹದೀಸನ್ನೂ ಗ್ರಂಥದ ಹೆಸರು, ಸಂಖ್ಯೆ ಸಮೇತ ಹೇಳಿಬಿಡುತ್ತದೆ. ಹಾಗೆ ಸಿಕ್ಕಿದ್ದನ್ನು ಆಲಿಮರ ಬಳಿ ತೋರಿಸದೆ ಅಮಲಿಗೆ ತರಬೇಡಿ, ಹಂಚಲೂ ಬೇಡಿ. ಪಾಠ, ಲೆಕ್ಕ, ಅರ್ಜಿ ಬರೆಯಲು ಅದರ ನೆರವು ಪಡೆಯುವುದಕ್ಕೆ ಅಡ್ಡಿಯಿಲ್ಲ.

ಇನ್ನು ದಜ್ಜಾಲನ ಪ್ರಶ್ನೆ. ಗೈಬ್‌ನ ಜ್ಞಾನ ಅಲ್ಲಾಹನಿಗೆ ಮಾತ್ರ. ಪ್ರತಿ ಹೊಸ ಯಂತ್ರಕ್ಕೂ ಆ ಹೆಸರು ಅಂಟಿಸುವ ಅಧಿಕಾರ ನಮಗಿಲ್ಲ. ಹಾಗೆ ಅಂಟಿಸಿದರೆ ನಮ್ಮ ಹೊಣೆಯನ್ನು ಮರೆಯಲು ಒಂದು ನೆಪ ಸಿಕ್ಕಂತಾಗುತ್ತದೆ, ಅಷ್ಟೇ. ಒಂಟೆಯನ್ನು ಕಟ್ಟದೆ ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವನಿಗೆ, ಮೊದಲು ಕಟ್ಟಿ ನಂತರ ಭರವಸೆ ಇಡುವಂತೆ ಪ್ರವಾದಿ ಮುಹಮ್ಮದ್(ಸ) ಕಲಿಸಿಕೊಟ್ಟದ್ದು ತಿರ್ಮಿದಿಯಲ್ಲಿ ವರದಿಯಾಗಿದೆ. ಅಣೆಕಟ್ಟೆಯ ಚೈನನ್ನು ಪರೀಕ್ಷಿಸುವುದು, ಹೊಲಕ್ಕೆ ಬಸಿಗಾಲುವೆ ತೆಗೆಯುವುದು, ಮಗನ ನಂಬರಿಗೆ ತಿರುಗಿ ಕರೆ ಮಾಡುವುದು, ಇವೆಲ್ಲ ಒಂಟೆ ಕಟ್ಟುವ ಕೆಲಸಗಳೇ. ಕಟ್ಟಿದ ಮೇಲೆಯೇ ತವಕ್ಕುಲ್.

ನಮ್ಮ ಕೈಗಳು ಮಾಡಿದ್ದಕ್ಕೆ ನಾಳೆ ಉತ್ತರ ಹೇಳಬೇಕಾದವರು ನಾವೇ ಎಂಬ ಅರಿವನ್ನು ಅಲ್ಲಾಹನು ನಮ್ಮೆಲ್ಲರಲ್ಲಿ ಉಳಿಸಲಿ. ನಮ್ಮ ಊರುಗಳನ್ನೂ ಮಕ್ಕಳನ್ನೂ ಕಾಪಾಡಲಿ. ಆಮೀನ್.