ಪ್ರಾಪರ್ಟಿ ಪಟ್ಟಿ ಅಂದರೆ ದಿನಸಿ ಚೀಟಿಯೇ?

ಕಾಲೇಜಿನ ಕಿರುಚಿತ್ರ ತಂಡದಲ್ಲಿ ನಿರ್ದೇಶನಕ್ಕೆ ಪೈಪೋಟಿ, ಕ್ಯಾಮೆರಾಕ್ಕೂ ಪೈಪೋಟಿ. ಪ್ರಾಪರ್ಟಿ, ಅಂದರೆ ಸೀನಿನಲ್ಲಿ ಬಳಸುವ ಸಾಮಾನು, ನೋಡಿಕೊಳ್ಳುವ ಕೆಲಸ ಮಾತ್ರ ಮೀಟಿಂಗ್‌ಗೆ ತಡವಾಗಿ ಬಂದವರ ತಲೆಗೆ ಬೀಳುತ್ತದೆ. ಅದರ ಬಗ್ಗೆ ಇರುವ ತಪ್ಪು ಕಲ್ಪನೆಗಳಿಗೇನೂ ಕಡಿಮೆಯಿಲ್ಲ.

"ಸ್ಕ್ರಿಪ್ಟ್ ಓದಿ ಬೇಕಾದ ಸಾಮಾನು ಬರೆದುಕೊಂಡರೆ ಆಯಿತು."

ಆಗುವುದಿಲ್ಲ. ಶೂಟಿಂಗ್ ಕಥೆಯ ಕ್ರಮದಲ್ಲಿ ನಡೆಯುವುದಿಲ್ಲವಾದ್ದರಿಂದ ಪಟ್ಟಿ ಸೀನ್ ನಂಬರಿನಿಂದಲೇ ಶುರುವಾಗಬೇಕು. ಒಂದು ಇನ್‌ಲ್ಯಾಂಡ್ ಲೆಟರ್ ಇದೆ ಎನ್ನಿ. ಸೀನ್ 3ರಲ್ಲಿ ಪೋಸ್ಟ್‌ಮ್ಯಾನ್ ಅದನ್ನು ತಂದು ಕೊಡುತ್ತಾನೆ, 7ರಲ್ಲಿ ಅಮ್ಮ ಬಿಡಿಸಿ ಓದುತ್ತಾಳೆ, 12ರಲ್ಲಿ ಮಗ ಹರಿದು ಒಲೆಗೆ ಹಾಕುತ್ತಾನೆ. ಅಡುಗೆಮನೆ ಬೆಳಿಗ್ಗೆ ಮಾತ್ರ ಸಿಗುತ್ತದೆಂದು ಮೊದಲು 12ನ್ನೇ ತೆಗೆಯುತ್ತೀರಿ. ಪಟ್ಟಿಯಲ್ಲಿ 'ಲೆಟರ್ – 1' ಎಂದಷ್ಟೇ ಇದ್ದರೆ ಮಧ್ಯಾಹ್ನಕ್ಕೆ ಉಳಿಯುವುದು ಬೂದಿ. ಅಂಟು ಬಿಡಿಸದ್ದೊಂದು, ಬಿಡಿಸಿದ್ದೊಂದು, ಹರಿಯಲು ಟೇಕಿಗೊಂದರಂತೆ ನಾಲ್ಕೈದು ಬೇಕು. ಎಲ್ಲವನ್ನೂ ಒಬ್ಬರೇ, ಒಂದೇ ಪೆನ್ನಿನಲ್ಲಿ, ಸಾಲು ಮುರಿಯುವ ಜಾಗವೂ ಬದಲಾಗದಂತೆ ಬರೆಯಬೇಕು. ಹಾಗಾಗಿ ವಸ್ತುವಿನ ಹೆಸರಿನ ಪಕ್ಕದಲ್ಲಿ ಅದರ ಸ್ಥಿತಿ, ಎಷ್ಟು ಪ್ರತಿ, ಯಾರ ಕೈಗೆ, ಯಾರ ಮನೆಯಿಂದ ತಂದದ್ದು ಎಂಬ ಕಾಲಂಗಳೂ ಇರಲಿ. ಕೊನೆಯ ಕಾಲಂ ಇಲ್ಲದ ತಂಡಕ್ಕೆ ಅಕ್ಕಪಕ್ಕದ ಮನೆಯವರು ಎರಡನೇ ಸಲ ಏನನ್ನೂ ಕೊಡುವುದಿಲ್ಲ.

"ಹಳೇ ಕಾಲದ ಕಥೆಗೆ ಅಟ್ಟದ ಮೇಲಿನ ಸಾಮಾನು ಸಾಕು."

ಎಷ್ಟು ಹಳೇ ಕಾಲ? ಆ ಲೆಟರ್ 1970ರದ್ದಾದರೆ ವಿಳಾಸದಲ್ಲಿ ಪಿನ್‌ಕೋಡ್ ಇರುವಂತಿಲ್ಲ. ಅದು ಬಂದದ್ದೇ 1972ರ ಆಗಸ್ಟ್ 15ರಂದು. ರಾಜ್ಯದ ಹೆಸರೂ ಮೈಸೂರು ಎಂದೇ ಇರಬೇಕು, ಕರ್ನಾಟಕವಾದದ್ದು 1973ರ ನವೆಂಬರ್ 1ಕ್ಕೆ. 2005ರ ಹೋಟೆಲಿನ ದರಪಟ್ಟಿಯಲ್ಲಿ ₹ ಚಿಹ್ನೆ ಕಂಡರೂ ತಪ್ಪೇ, ಅದು 2010ರದ್ದು. ಇದನ್ನೆಲ್ಲ ಯಾರು ನೋಡುತ್ತಾರೆ ಅನ್ನಬೇಡಿ. ನಿವೃತ್ತ ಪೋಸ್ಟ್‌ಮಾಸ್ಟರುಗಳೂ ಸಿನಿಮಾ ನೋಡುತ್ತಾರೆ.

"ಪ್ರಾಪರ್ಟಿ ಹಿನ್ನೆಲೆಯ ಅಲಂಕಾರವಷ್ಟೇ."

ಗಿರೀಶ್ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' (2008) ಚಿತ್ರದಿಂದ ಸೂಲಗಿತ್ತಿ ಗುಲಾಬಿಯ ಮನೆಯ ಟಿವಿಯನ್ನು ತೆಗೆದುಹಾಕಿ ನೋಡಿ. ಕಥೆಯೇ ಉಳಿಯುವುದಿಲ್ಲ.

"ಮೊಬೈಲ್‌ನಲ್ಲಿ ಫೋಟೊ ಇದೆಯಲ್ಲ, ಬರೆದಿಡುವುದೇಕೆ?"

ಫೋಟೊ ಬೇಕೇ ಬೇಕು, ಕ್ಲಾಪ್‌ಬೋರ್ಡ್‌ನ ನಂಬರೂ ಕಾಣುವಂತೆ. ಇಲ್ಲದಿದ್ದರೆ ವಾಟ್ಸಾಪ್ ಗ್ರೂಪಿನ ಊಟದ ಫೋಟೊಗಳ ನಡುವೆ ಅದು ಯಾವ ಸೀನಿನದೆಂದು ಹುಡುಕುತ್ತ ಕೂರಬೇಕು. ಲೋಟದಲ್ಲಿ ಕಾಫಿ ಎಲ್ಲಿಯವರೆಗಿತ್ತು, ಗೋಡೆ ಗಡಿಯಾರ ಎಷ್ಟು ತೋರಿಸುತ್ತಿತ್ತು ಎಂಬುದು ಫೋಟೊದಲ್ಲಿ ಸಿಗುತ್ತದೆ. ಯಾವ ಮಾತಿಗೆ, ಯಾವ ಕೈಯಿಂದ ಲೋಟ ಕೆಳಗಿಟ್ಟರು ಎಂಬುದು ಸಿಗುವುದಿಲ್ಲ. ಕ್ಲೋಸಪ್ ತೆಗೆಯುವಾಗ ಜಗಳ ಹತ್ತುವುದು ಅದಕ್ಕೇ. ಸ್ಕ್ರಿಪ್ಟಿನ ಅಂಚಿನಲ್ಲಿ ಆಯಾ ಸಂಭಾಷಣೆಯ ಪಕ್ಕದಲ್ಲೇ ಪೆನ್ಸಿಲ್‌ನಲ್ಲಿ ಬರೆದಿಡಿ.

"ಗನ್ ಡಮ್ಮಿ, ನೋಟು ಜೆರಾಕ್ಸ್. ಅಪಾಯವೇನು?"

1993ರಲ್ಲಿ 'ದಿ ಕ್ರೋ' ಸೆಟ್‌ನಲ್ಲಿ ನಟ ಬ್ರ್ಯಾಂಡನ್ ಲೀ ಸತ್ತದ್ದು ಖಾಲಿ ತೋಟಾ ಹಾರಿಸಿದಾಗ. ಹಿಂದೆ ಬಳಸಿದ ಡಮ್ಮಿ ಗುಂಡಿನ ತುದಿ ನಳಿಕೆಯಲ್ಲೇ ಸಿಕ್ಕಿಕೊಂಡಿತ್ತು. ವಿದ್ಯಾರ್ಥಿಗಳಿಗೆ ಪ್ಲಾಸ್ಟಿಕ್ ಆಟಿಕೆಯೇ ಸರಿ, ಅದನ್ನೂ ಬೀದಿಯಲ್ಲಿ ಹಿಡಿಯುವ ಮುಂಚೆ ಠಾಣೆಗೆ ತಿಳಿಸಬೇಕು. ಇನ್ನು ನೋಟು: ಅಸಲಿಯಂತೆ ಕಾಣುವ ಕಾಗದ ಅಚ್ಚು ಹಾಕಿಸುವುದು ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ದಂಡಾರ್ಹ. ಕಂತೆಯ ಮೇಲೊಂದು, ಕೆಳಗೊಂದು ನಿಜವಾದ ನೋಟಿಟ್ಟು ನಡುವೆ ಬಿಳಿ ಹಾಳೆ ತುಂಬಿದರೆ ಸಾಕು. 2016ರ ನೋಟು ರದ್ದತಿಗೂ ಹಿಂದಿನ ಕಥೆಯಾದರೆ ಇನ್ನೊಂದು ಲೆಕ್ಕವಿದೆ. 2017ರ ಕಾಯ್ದೆಯ ಪ್ರಕಾರ ರದ್ದಾದ 500, 1000ದ ನೋಟುಗಳು ಒಬ್ಬರ ಬಳಿ ಒಟ್ಟು ಹತ್ತನ್ನು ಮೀರುವಂತಿಲ್ಲ. ಅಧ್ಯಯನಕ್ಕೋ ಸಂಗ್ರಹಕ್ಕೋ ಆದರೆ 25. ಕಂತೆಗೆ ಎರಡರಂತೆ ಹಿಡಿದರೂ ಐದು ಕಂತೆಗೆ ತೊಂದರೆಯಿಲ್ಲ.