ಚಿಮ್ಮುಬಾಲದ ಹುಳು: ಲಕ್ಷಣವೂ ನಾಮವೂ

ಷಟ್ಪದವೆಂಬ ಶಬ್ದವು ಸಂಸ್ಕೃತಕಾವ್ಯಗಳಲ್ಲಿ ಭ್ರಮರಕ್ಕೆ ರೂಢವಾದುದು. ಅವಯವಾರ್ಥವನ್ನು ನೋಡಿದರೆ ಆರು ಕಾಲುಳ್ಳ ಜಂತುಗಳೆಲ್ಲಕ್ಕೂ ಅದು ಸಲ್ಲಬೇಕಾಗಿತ್ತು. ಇದಕ್ಕೆ ವಿಪರೀತವಾಗಿ, ಆರು ಕಾಲುಳ್ಳುದೆಲ್ಲವೂ ಕೀಟವೆಂದು ಮಕ್ಕಳಿಗೆ ಲಕ್ಷಣ ಹೇಳುವುದುಂಟು. ಈ ಲಕ್ಷಣವು ಅತಿವ್ಯಾಪ್ತಿದೋಷದಿಂದ ಕೂಡಿದುದೆಂಬುದಕ್ಕೆ ಕಾಲಡಿಯ ಮಣ್ಣಿನಲ್ಲಿಯೇ ಸಾಕ್ಷಿಯುಂಟು.

ಒದ್ದೆಯಾದ ತರಗೆಲೆಗಳನ್ನು ಸರಿಸಿದೊಡನೆ ಚಿಮ್ಮಿ ಮರೆಯಾಗುವ ಸಣ್ಣ ಹುಳುವೇ ಆ ಸಾಕ್ಷಿ. ಇದರ ಉದ್ದವು ಸಾಮಾನ್ಯವಾಗಿ ಒಂದೆರಡು ಮಿಲಿಮೀಟರು. ಉದರದ ಕೆಳಗೆ ಕವಲೊಡೆದ ಅಂಗವೊಂದು ಮುಂದಕ್ಕೆ ಮಡಿಸಿ ಕೊಂಡಿಯಲ್ಲಿ ಸಿಕ್ಕಿರುವುದು. ಕೊಂಡಿ ಬಿಟ್ಟೊಡನೆ ಅದು ನೆಲವನ್ನು ಬಡಿದು ಹುಳುವನ್ನು ಮೇಲಕ್ಕೆಸೆಯುವುದು. ಬೂಷ್ಟನ್ನೂ ಕೊಳೆತ ಎಲೆಯನ್ನೂ ತಿಂದು ಬಾಳುವ ಈ ಜೀವಿಯು ಎಲೆಯು ಮಣ್ಣಾಗುವ ಕಾರ್ಯಕ್ಕೆ ನೆರವಾಗುತ್ತದೆ.

ಲಿನೀಯಸನು 1758ರಲ್ಲಿ ಇದನ್ನು ‘ಪೊಡ್ಯುರ’ ಎಂದು ಕರೆದನು. ಗ್ರೀಕಿನ ‘ಕಾಲು’, ‘ಬಾಲ’ ಎಂಬೆರಡು ಪದಗಳ ಸಮಾಸವಿದು. ಜಾನ್ ಲಬಕನು ಈ ಗಣದ ಮೇಲೆ 1873ರಲ್ಲಿ ಪ್ರೌಢಗ್ರಂಥವನ್ನು ಪ್ರಕಟಿಸಿದನು. ಅವನಿತ್ತ ‘ಕೊಲೆಂಬೊಲ’ ಎಂಬ ಹೆಸರಿನಲ್ಲಿರುವುದು ಅಂಟಿನ ಅರ್ಥ. ಉದರದ ಅಡಿಯಲ್ಲಿರುವ ನಳಿಕೆಯು ಅಂಟಿಕೊಳ್ಳುವ ಸಾಧನವೆಂಬ ಭಾವನೆ ಅದಕ್ಕೆ ಕಾರಣ. ಆ ನಳಿಕೆಯ ಮುಖ್ಯಕಾರ್ಯವು ದೇಹದ ನೀರಿನ ಸಮತೋಲವನ್ನು ಕಾಯುವುದೆಂದು ಮುಂದೆ ತಿಳಿದುಬಂದಿತು. ಅರ್ಥವು ಸಡಿಲಿದರೂ ಹೆಸರು ನಿಂತಿತು.

ಕಾಲುಗಳು ಆರಾದರೂ ಇಂದಿನ ವರ್ಗೀಕರಣದಲ್ಲಿ ಇವನ್ನು ಸಾಮಾನ್ಯವಾಗಿ ಕೀಟಗಳಿಂದ ಬೇರೆಯಿಡುತ್ತಾರೆ. ಇವುಗಳ ಬಾಯಿಯ ಅಂಗಗಳು ತಲೆಯೊಳಗೆ ಅಡಗಿರುವುವು. ಕೀಟಗಳಲ್ಲಿ ಅವು ಹೊರಗೆ ಕಾಣುವುವು. ಕೀಟದ ಉದರಕ್ಕೆ ಮೂಲತಃ ಹನ್ನೊಂದು ಖಂಡಗಳಾದರೆ ಇವುಗಳದಕ್ಕೆ ಆರೇ. ಇವುಗಳಿಗೆ ರೆಕ್ಕೆಯಿಲ್ಲ; ಪ್ರೌಢವಾದ ಮೇಲೆಯೂ ಪೊರೆ ಕಳಚುವುವು. ಈ ವಂಶವು ಅತಿ ಪ್ರಾಚೀನವಾದುದು. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿಯ ಸುಮಾರು 40 ಕೋಟಿ ವರ್ಷಗಳ ಹಿಂದಿನ ಶಿಲೆಯಲ್ಲಿ ಇದರ ಅವಶೇಷ ದೊರೆತಿದೆ. ಹರ್ಸ್ಟ್ ಮತ್ತು ಮೌಲಿಕ್ ಎಂಬ ವಿದ್ವಾಂಸರು 1926ರಲ್ಲಿ ಅದನ್ನು ವರ್ಣಿಸಿದರು.

ಹೀಗಿರಲು, ಷಟ್ಪದವೆಂಬುದು ವ್ಯಾಪಕವರ್ಗ, ಕೀಟವೆಂಬುದು ಅದರೊಳಗಿನ ಒಂದು ಭೇದ ಎಂದು ಕಲಿಸುವುದೇ ನಿರ್ದುಷ್ಟವಾದ ಕ್ರಮ. ಈ ಜೀವಿಗೆ ‘ಚಿಮ್ಮುಬಾಲದ ಹುಳು’ ಎಂಬ ಹೆಸರು ಒಪ್ಪುವುದು; ಕನ್ನಡದ ‘ಹುಳು’ ಎಂಬ ಮಾತು ಕೀಟವನ್ನೂ ಕೀಟವಲ್ಲದುದನ್ನೂ ಒಳಗೊಳ್ಳುವಷ್ಟು ವಿಶಾಲವಾಗಿದೆ. ಮಣ್ಣಿನ ಆಳದಲ್ಲಿರುವ ಹಲವು ಜಾತಿಗಳಿಗೆ ಚಿಮ್ಮುವ ಅಂಗವೇ ಇಲ್ಲವಲ್ಲ ಎಂಬ ಆಕ್ಷೇಪವು ನಿಲ್ಲದು. ಕೆಸರಿನಲ್ಲಿ ಹುಟ್ಟಿದುದೆಲ್ಲವೂ ಪಂಕಜವಲ್ಲ. ಕೊಳದ ತಿಳಿನೀರಿನಲ್ಲಿ ಅರಳಿದ ತಾವರೆಯಾದರೋ ಪಂಕಜವೇ. ಯೋಗವು ತಲಪದೆಡೆಯಲ್ಲಿ ರೂಢಿಯು ಹೆಸರನ್ನು ಕಾಯುವುದು.